ಚಾಪೆ ಹಾಸದ ಮನೆ

ಸಿತ್ತನಾ ಖಾಲ್ತಿ ಹಾಡು ನಿಲ್ಲಿಸಿ ಹನ್ನೊಂದು ತಿಂಗಳಾಯಿತು. ಖಾಲ್ತಿ ಎಂದರೆ ಚಿಕ್ಕಮ್ಮ; ಆಕೆ ಓಮ್‌ದುರ್ಮಾನ್ ಊರಿನ ನಮ್ಮ ಇಡೀ ಬೀದಿಗೇ ಚಿಕ್ಕಮ್ಮ. ಹೊಸದಾಗಿ ಬಂದ ಸೊಸೆಯರಿಗೆ ಮಾತ್ರ ಆಕೆ ಮೂಲೆಮನೆಯ ಮುದುಕಿ, ಅಷ್ಟೆ. ನನ್ನ ಮಗಳು ರಿತಾಜ್ ದೊಡ್ಡವಳಾಗುವ ಹೊತ್ತಿಗೆ ಆಕೆ ಯಾರೆಂದು ಹೇಳುವವರೂ ಇರಲಿಕ್ಕಿಲ್ಲ. ಮಗು ಮಲಗಿದೆ, ಒಲೆಯ ಮೇಲೆ ಕಾಳು ಬೇಯುತ್ತಿದೆ. ಬೇಯುವಷ್ಟರಲ್ಲಿ ಬರೆದಿಡುತ್ತೇನೆ.

ಆಕೆಯ ತಂದೆ ನೈಲ್ ನದಿಯ ದಂಡೆಯಲ್ಲಿ ದೋಣಿ ಕಟ್ಟುತ್ತಿದ್ದವರು. ಹದಿನೇಳರ ಹುಡುಗಿ ಹೊಲಿಗೆ ಕಲಿಯುವ ನೆಪ ಹೇಳಿ ರೇಡಿಯೊ ನಾಟಕಕ್ಕೆ ಹೋಗುತ್ತಿದ್ದಳು, ಸುಳ್ಳು ಹೆಸರಿನಲ್ಲಿ. ಒಂದು ಮಧ್ಯಾಹ್ನ ಚಹಾದಂಗಡಿಯ ರೇಡಿಯೊದಲ್ಲಿ ಗಂಡನಿಂದ ಏಟು ತಿನ್ನುವ ಹೆಂಗಸೊಬ್ಬಳ ಅಳು ಬಂತು. ತಂದೆ ಬಾಚಿಯನ್ನು ಕೈಯಲ್ಲೇ ಹಿಡಿದು ಮನೆಗೆ ಓಡಿಬಂದರಂತೆ.

"ಯಾರವನು ನನ್ನ ಮಗಳಿಗೆ ಹೊಡೀತಿರೋನು?"

ತಾಯಿ ಹೆದರಿ ಎಲ್ಲ ಬಾಯಿಬಿಟ್ಟರು. ತಂದೆ ಬಾಚಿಯನ್ನು ಕೆಳಗಿಟ್ಟು, ಹಗ್ಗದ ಮಂಚದ ಮೇಲೆ ಕೂತು, "ಅಳೋದೇನೋ ಚೆನ್ನಾಗಿ ಅಳ್ತಾಳೆ. ಇನ್ಮೇಲೆ ಸ್ವಂತ ಹೆಸರಲ್ಲೇ ಅಳಲಿ" ಎಂದರಂತೆ.

ಹೀಗೆ ಸಿತ್ತನಾ ಎಂಬ ಹೆಸರು ಹೊರಬಿತ್ತು. ರೇಡಿಯೊ ಆಯಿತು, ರಂಗಮಂದಿರ ಆಯಿತು, ಮದುವೆಮನೆಗಳಲ್ಲಿ ಹೆಂಗಸರ ನಡುವೆ ದಲೂಕಾ ಬಾರಿಸಿ ಹಾಡುವುದೂ ಆಯಿತು. ದಲೂಕಾ ಎಂದರೆ ಮಣ್ಣಿನ ಕುಡಿಕೆಗೆ ಚರ್ಮ ಬಿಗಿದ ನಮ್ಮ ಮದ್ದಳೆ. ಆಮೇಲೆ ಹೆಂಗಸರ ದನಿ ಬೀದಿಗೆ ಕೇಳಬಾರದು ಎಂಬ ಕಾಲ ಬಂತು. ಒಂದು ಮದುವೆಯಲ್ಲಿ ಪೊಲೀಸರು ಮದ್ದಳೆ ಒಡೆದು ಹಾಕಿದರು. ಆಕೆ ಹಿತ್ತಲಿಂದ ನೀರಿನ ಬೋಗುಣಿ ತರಿಸಿ, ಅದರಲ್ಲಿ ಸೋರೆಬುರುಡೆ ಬೋರಲು ಹಾಕಿ ಬಾರಿಸುತ್ತ ಹಾಡು ಮುಗಿಸಿದಳು. ಅದಕ್ಕೆ ಇಪ್ಪತ್ತು ಛಡಿಯೇಟು ಬಿತ್ತು. ನೋಡಲು ಬಂದ ಹೆಂಗಸರು ಅಳತೊಡಗಿದರೆ, "ಬೆನ್ನಿಗೆ ತಾನೇ ಹೊಡೆದದ್ದು, ಗಂಟಲಿಗಲ್ಲವಲ್ಲ. ಕಾಫಿ ಮಾಡ್ರೇ ಯಾರಾದ್ರೂ" ಎಂದಳಂತೆ.

ನಮ್ಮಲ್ಲಿ ಎಳೆಯ ಹೆಣ್ಣುಮಕ್ಕಳ ಗುಪ್ತಾಂಗಕ್ಕೆ ಕತ್ತಿಯಿಡುವ ಪದ್ಧತಿಯಿದೆ. ಅದರ ವಿರುದ್ಧ ಆಕೆ ಅಂಗಳದಿಂದ ಅಂಗಳಕ್ಕೆ ನಾಟಕ ಆಡಿಕೊಂಡು ತಿರುಗಿದಳು. ಅದನ್ನು ನೋಡಿದ ನನ್ನ ತಾಯಿ ನಿಮಾತ್, ನನಗೆಂದು ಕತ್ತಿ ಹಿಡಿದು ಬಂದ ಸೂಲಗಿತ್ತಿಯನ್ನು ಬಾಗಿಲಿನಿಂದಲೇ ವಾಪಸು ಕಳಿಸಿದಳು. ಮೂರು ವರ್ಷ ಅಜ್ಜಿ ನಮ್ಮ ತಾಯಿಯೊಡನೆ ಮಾತು ಬಿಟ್ಟಿದ್ದಳು. ನನ್ನ ಹೆರಿಗೆ ಸಲೀಸಾದದ್ದು ಆ ನಾಟಕದಿಂದ.

ಖಾಲ್ತಿಯ ಗಂಡ ಬೇಗ ತೀರಿಕೊಂಡ. ಒಬ್ಬನೇ ಮಗ ಮುಜ್ತಬಾ, ವಿದ್ಯುತ್ ಕೆಲಸದವನು. ಸೇನೆಯ ಕಚೇರಿಯ ಮುಂದೆ ಜನ ಧರಣಿ ಕೂತ ವರ್ಷ ತಾಯಿ ಅಲ್ಲಿ ಹಾಡುತ್ತಿದ್ದಳು, ಮಗ ಧ್ವನಿವರ್ಧಕಕ್ಕೆ ತಂತಿ ಎಳೆಯುತ್ತಿದ್ದ. ರಂಜಾನಿನ ಕೊನೆಯಲ್ಲಿ ಆಕೆಗೆ ಜ್ವರ ಬಂತು. "ನೀನು ಮನೇಲಿರಮ್ಮ, ನಾಳೆ ಬಾ" ಎಂದು ಹೋದ. ಬೆಳಗಾಗುತ್ತಲೇ ಗುಂಡು ಹಾರಿಸಿ ಧರಣಿಯನ್ನು ಚದುರಿಸಿದರು. ಮುಜ್ತಬಾ ಬರಲಿಲ್ಲ. ಆಸ್ಪತ್ರೆಗಳಲ್ಲಿ, ಶವಾಗಾರಗಳಲ್ಲಿ ಹುಡುಕಿದರು. ಹೆಣವೂ ಸಿಗಲಿಲ್ಲ.

ಸಾವಾದ ಮನೆಯಲ್ಲಿ ನಾವು ಚಾಪೆ ಹಾಸುತ್ತೇವೆ. ಬಂದವರು ಅಂಗೈ ಎತ್ತಿ ಫಾತಿಹಾ ಪ್ರಾರ್ಥನೆ ಓದಿ ಅದರ ಮೇಲೆ ಕೂರುತ್ತಾರೆ. ಒಂದು ತಿಂಗಳು ಕಾದ ಮೇಲೆ ಆಕೆಯ ತಮ್ಮ ಬಾಬಿಕಿರ್, "ಅಕ್ಕಾ, ಚಾಪೆ ಹಾಸೋಣ. ಜನ ಬಾಗಿಲಲ್ಲಿ ನಿಂತಿದ್ದಾರೆ" ಎಂದ.

"ನಿಂತಿರಲಿ. ಕಾಲು ನೋವು ಬಂದ್ರೆ ಅವರವರ ಮನೆಗೆ ಹೋಗ್ತಾರೆ."

"ಪ್ರಾರ್ಥನೆಯಾದ್ರೂ ಬೇಡ್ವಾ ಅವನಿಗೆ?"

"ಬದುಕಿರೋ ಮಗನ ಹೆಸರಲ್ಲಿ ನನ್ನ ಅಂಗಳದಲ್ಲಿ ಯಾರೂ ಅಂಗೈ ಎತ್ತಬಾರದು, ಬಾಬಿಕಿರ್. ನೀನೂ ಎತ್ತಬಾರದು."

ಅದೇ ವರ್ಷ ನನ್ನ ಮದುವೆ. ಸೂತಕದ ಮನೆಯಿರುವ ಬೀದಿಯಲ್ಲಿ ಆ ಮನೆಯ ಅಪ್ಪಣೆಯಿಲ್ಲದೆ ಯಾರೂ ಮದ್ದಳೆ ಬಾರಿಸುವುದಿಲ್ಲ. ನನ್ನ ತಾಯಿ ಗೋರಂಟಿ ಹಚ್ಚದ ಕೈಯಲ್ಲಿ, ಬಿಳಿ ಸೆರಗು ಹೊದ್ದು, ಬಹಳ ಗೌರವದಿಂದ ಕೇಳಲು ಹೋದಳು. ಜೊತೆಗೆ ನಾನೂ ಇದ್ದೆ.

"ಸಿತ್ತನಾ, ಹುಡುಗಿ ಮದುವೆ ಇದೆ. ನೀನು ಹೂಂ ಅಂದ್ರೆ ಮಾತ್ರ..."

ಖಾಲ್ತಿ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮನೇಲಿ ಯಾರು ಸತ್ತಿದ್ದಾರೆ ನಿಮಾತ್, ಅಪ್ಪಣೆ ಕೇಳೋಕೆ ಬಂದಿದ್ದೀಯ?"

ತಾಯಿಗೆ ಆಗ ತಿಳಿಯಿತು. ಬೀದಿಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತನ್ನು ಅವಳು ಅಪ್ಪಣೆ ಕೇಳಿಯೇ ಆಡಿಬಿಟ್ಟಿದ್ದಳು. ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಬಂದಳು.

ಮದುವೆಯ ದಿನ ಎಲ್ಲರಿಗಿಂತ ಮೊದಲು ಬಂದವಳು ಸಿತ್ತನಾ ಖಾಲ್ತಿ. ಕಾಲಿಗೆ ಕಪ್ಪೇರಿದ ಗೋರಂಟಿ, ಕಿತ್ತಳೆ ಬಣ್ಣದ ಉಡುಗೆ. ಮದ್ದಳೆಯನ್ನು ತೊಡೆಗೇರಿಸಿ ಹಾಡಿದಳು. ಅಲ್ಲಿಂದ ಮೂರು ವರ್ಷ ಒಂದು ಮದುವೆಯನ್ನೂ ಬಿಡಲಿಲ್ಲ. ಹಾಡದಿದ್ದರೆ ಜನ ಶೋಕ ಎಂದುಕೊಳ್ಳುತ್ತಾರೆ, ಶೋಕವೆಂದರೆ ಮಗ ಸತ್ತ ಹಾಗೆ. ಗಂಟಲು ಕಟ್ಟಿದ ದಿನವೂ ಹಾಡಿದಳು.

ಜನ ಬಿಡುತ್ತಾರೆಯೇ? ಒಂದು ಮದುವೆಯಲ್ಲಿ ನನ್ನ ಪಕ್ಕದವಳು, "ಮಗ ಎಲ್ಲೋ, ತಾಯಿ ಕಾಲಿಗೆ ಗೋರಂಟಿ ನೋಡು" ಎಂದು ಪಿಸುಗುಟ್ಟಿದಳು. ಖಾಲ್ತಿಯ ಕಿವಿ ಚುರುಕು. ಹಾಡಿನ ನಡುವೆಯೇ ಎರಡು ಸಾಲು ಸೇರಿಸಿದಳು:

ಎಣಿಸುವವಳೇ, ನನ್ನ ಗೋರಂಟಿಯ ಬೆರಳು ಎಣಿಸು,
ಹತ್ತೂ ಮುಗಿದರೆ ಅವನು ಬರುವ ದಿನ ಎಣಿಸು.

ಎಲ್ಲರೂ ನಕ್ಕರು. ಪಿಸುಗುಟ್ಟಿದವಳೂ ನಗಬೇಕಾಯಿತು.

ಕಳೆದ ವರ್ಷ ಒಂದು ಬೆಳಗ್ಗೆ ನಾನು ರಿತಾಜ್‌ಳನ್ನು ಎತ್ತಿಕೊಂಡು ಜೋಳದ ರೊಟ್ಟಿ ಕೊಡಲು ಹೋದಾಗ ಅಂಗಳದಲ್ಲಿ ಅಪರಿಚಿತನೊಬ್ಬ ಕೂತಿದ್ದ. ಮೂವತ್ತೈದರ ಆಸುಪಾಸು, ಕೋಸ್ತಿ ಊರಿನ ಶಾಲಾ ಮೇಷ್ಟ್ರು, ಹಾತಿಮ್ ಅಂತ ಹೆಸರು. ಧರಣಿಯಲ್ಲಿ ಮುಜ್ತಬಾನ ಜೊತೆಗಿದ್ದವನು.

"ಎರಡು ಸಲ ಬಂದಿದ್ದೆ ಖಾಲ್ತಿ, ಈ ಬೀದಿ ತಿರುವಿನ ತನಕ. ಎರಡು ಸಲವೂ ಯಾವುದೋ ಮದುವೇಲಿ ನೀವು ಹಾಡ್ತಿದ್ರಿ. ಮಗ ಬರ್ತಾನೆ ಅಂತ ಹಾಡ್ತಾರೆ ಅಂದ್ರು ಜನ. ನಂಗೆ ಬಾಯಿ ಬರಲಿಲ್ಲ, ವಾಪಸ್ ಹೋದೆ."

ಖಾಲ್ತಿ ಶುಂಠಿ ಕಾಫಿ ಬಗ್ಗಿಸುತ್ತಿದ್ದಳು.

"ಈಗ ಯಾಕೆ ಬಂದೆ?"

"ನನಗೂ ಮಗ ಹುಟ್ಟಿದ."

"ದೇವರು ಆಯುಸ್ಸು ಕೊಡಲಿ. ಹೇಳು."

ಹೇಳಿದ. ಎದೆಗೆ ಗುಂಡು. ಹಾತಿಮನ ತೊಡೆಯ ಮೇಲೇ ಜೀವ ಹೋಯಿತು. ಸೈನಿಕರು ಅವನನ್ನು ಹೊಡೆದೋಡಿಸಿ ಮುಜ್ತಬಾನನ್ನು ಎಳೆದುಕೊಂಡು ಹೋಗಿ ನೈಲ್ ನದಿಗೆ ಹಾಕಿದರು. ಗೋಡೆಯ ಮರೆಯಿಂದ ಅವನು ಕಣ್ಣಾರೆ ನೋಡಿದ.

"ಕಣ್ಣು ಮುಚ್ಚಿದ್ಯಾ ಅವನದ್ದು?"

"ಮುಚ್ಚಿದೆ ಖಾಲ್ತಿ."

"ಒಳ್ಳೇದು ಮಾಡ್ದೆ. ಕಾಫಿ ಕುಡಿ, ಆರಿಹೋಗತ್ತೆ."

ಅವನು ಕುಡಿದ. ಎರಡನೆಯ ಬಟ್ಟಲನ್ನೂ ಕುಡಿಸಿದಳು. ಅವನನ್ನು ಬಾಗಿಲವರೆಗೆ ಕಳಿಸಿ ಬಂದು, "ಇಖ್ಲಾಸ್" ಎಂದು ನನ್ನನ್ನು ಕರೆದಳು. "ಮಗೂನ ಕೆಳಗಿಳಿಸು. ಬಾಬಿಕಿರ್‌ಗೆ ಹೇಳು, ಚಾಪೆ ತರಲಿ."

ಮೂರು ದಿನ ಬೀದಿಯೆಲ್ಲ ಬಂತು. ನನ್ನ ತಾಯಿ ಬಂದು ಆಕೆಯ ಪಾದದ ಬಳಿ ಕೂತವಳು ಏಳಲೇ ಇಲ್ಲ. ಮುಂದಿನ ವಾರ ಎದುರುಮನೆಯ ಸಾದಿಯಾ ಮಗಳ ಮದುವೆಯಿತ್ತು. ಮುಂದಕ್ಕೆ ಹಾಕುತ್ತೇನೆಂದು ಸಾದಿಯಾ ಎಷ್ಟು ಹೇಳಿದರೂ ಖಾಲ್ತಿ ಒಪ್ಪಲಿಲ್ಲ.

"ನನ್ನ ಮಗ ಸತ್ತು ಮೂರು ವರ್ಷವಾಯ್ತು ಸಾದಿಯಾ. ನಿನ್ನ ಮಗಳು ಯಾಕೆ ಕಾಯಬೇಕು? ಮದ್ದಳೆ ನಮ್ಮನೇದೇ ತಗೊಂಡು ಹೋಗು."

ಮದುವೆಯ ಸಂಜೆ ನಾನು ಖಾಲ್ತಿಯ ಬಳಿ ಕೂತಿದ್ದೆ. ಎದುರುಮನೆಯಲ್ಲಿ ಯಾರೋ ಹುಡುಗಿ ಮದ್ದಳೆ ಬಾರಿಸತೊಡಗಿದಳು. ದನಿ ಒದ್ದೆ ಬಟ್ಟೆ ಒಗೆದ ಹಾಗೆ ಬರುತ್ತಿತ್ತು.

"ಚರ್ಮ ಕಾಯಿಸಿಲ್ಲ" ಎಂದಳು ಖಾಲ್ತಿ. "ಬೆಂಕಿ ಮುಂದೆ ಒಂದು ಗಳಿಗೆ ಹಿಡಿದಿದ್ರೆ ಸಾಕಾಗಿತ್ತು."

"ಹೋಗಿ ಹೇಳಿ ಬರ್ಲಾ?"

ನನ್ನ ಸೆರಗು ಹಿಡಿದು ಕೂರಿಸಿದಳು. "ಬಿಡು. ನೀನು ಹೋದ್ರೆ ನನ್ನನ್ನ ಕರಿಯೋಕೆ ಬರ್ತಾರೆ."

ಎರಡನೆಯ ಹಾಡು ಶುರುವಾಯಿತು. ಆಗಲೂ ಯಾರೂ ಕಾಯಿಸಲಿಲ್ಲ.