ಅಜ್ಜಿಯ ಮೊದಲ ಶನಿವಾರಗಳು

ಕಪ್ಪು ಒಣದ್ರಾಕ್ಷಿ ಬಿಸಿನೀರಿನಲ್ಲಿ ಉಬ್ಬುವಾಗ ಏಳುವ ವಾಸನೆಯನ್ನು ನೀವು ಯಾವತ್ತಾದರೂ ಹತ್ತಿರ ನಿಂತು ಮೂಸಿದ್ದೀರೋ ಇಲ್ಲವೋ. ಪಾಯಸಕ್ಕೆ ಹಾಕುವ ದ್ರಾಕ್ಷಿಯಲ್ಲ, ತುಪ್ಪದಲ್ಲಿ ಹುರಿದ ಅದರ ಗತ್ತೇ ಬೇರೆ. ಇದು ಇಡೀ ರಾತ್ರಿ ನೆನೆದು, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕುದಿಯುತ್ತಾ ಮೊದಲು ಹಸಿಮಣ್ಣಿನಂಥ, ಆಮೇಲೆ ಬೆಲ್ಲದಂಥ, ಕೊನೆಗೆ ಹೆಸರಿಡಲು ಬಾರದ ಒಂದು ಹುಳಿಸಿಹಿ ವಾಸನೆಯನ್ನು ಮನೆಯ ಮೂಲೆಮೂಲೆಗೂ ಹಂಚುತ್ತದೆ. ಈಚೆಗೆ ನಮ್ಮ ರಾಮನಗರದ ಚರ್ಚಿನ ಹೆಂಗಸರು, "ಸುಗುಣ ಟೀಚರ್, ಈ ತಿಂಗಳಿಂದ ಕರ್ತನ ಭೋಜನದ ದ್ರಾಕ್ಷಾರಸ ನೀವೇ ಮಾಡ್ಬುಡಿ. ನಿಮ್ಮಜ್ಜಿ ಕೈಗುಣ ನಿಮ್ಗೂ ಬಂದಿರ್ತೈತೆ" ಅಂದರು. ಹೂಂ ಅಂದುಬಿಟ್ಟೆ. ಶನಿವಾರ ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದೆ. ಹಬೆ ಮುಖಕ್ಕೆ ಬಡಿಯಿತು. ಐವತ್ತು ದಾಟಿದ ಹೆಂಗಸು ನಾನು, ಸೌಟು ಹಿಡಿದುಕೊಂಡು, ಯಾರಾದರೂ ಬಂದಾರೇನೋ ಎಂದು ಕಳ್ಳಿಯ ಹಾಗೆ ಬಾಗಿಲ ಕಡೆ ನೋಡಿದೆ.

ನಾನು ಬೆಳೆದದ್ದು ಚನ್ನಪಟ್ಟಣದಲ್ಲಿ, ಅಜ್ಜಿಯ ಮನೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ಕನಕಪುರದ ಆಚೆ ಕೋಡಿಹಳ್ಳಿಯ ಕಡೆ ಮೇಷ್ಟ್ರ ಕೆಲಸದಲ್ಲಿದ್ದರು. ಓದಿಗೆ ಊರು ಒಳ್ಳೆಯದು ಎಂದು ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು. ನಾಡಹೆಂಚಿನ ಮನೆ, ಮುಂದೆ ಒಂದು ಸಣ್ಣ ಜಗಲಿ, ಹಿತ್ತಲಲ್ಲಿ ನುಗ್ಗೆಮರ. ಪಕ್ಕದಲ್ಲೇ ಬಾಷಾ ಸಾಬರ ಬೊಂಬೆ ಕಡೆಯುವ ಶೆಡ್ಡು. ತಿರುಗುವ ಮರಕ್ಕೆ ಅವರು ಅರಗಿನ ಕಡ್ಡಿ ಒತ್ತಿದರೆ ಅದರ ಬಿಸಿ ವಾಸನೆ ಗೋಡೆ ದಾಟಿ ನಮ್ಮ ಸಾರಿನ ವಾಸನೆಯ ಜೊತೆ ಸೇರಿಕೊಳ್ಳುತ್ತಿತ್ತು. ಅಜ್ಜಿಯ ಹೆಸರು ಕರುಣಮ್ಮ. ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಿಯಾದವಳು. ಅಜ್ಜಿ ಯಾರಿಗೂ ಬೋಧನೆ ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ಒಂದೇ ಮೇಜಿನಿಂದ ರೊಟ್ಟಿಯ ಚೂರು, ದ್ರಾಕ್ಷಾರಸದ ಗುಟುಕು ತೆಗೆದುಕೊಳ್ಳುವ ದಿನ; ಅದರ ಹಿಂದಿನ ಶನಿವಾರ ಅವಳದೊಂದು ನಡಿಗೆ. ಆ ತಿಂಗಳು ಯಾರ ಜೊತೆಗೆ ಮಾತು ಕೆಟ್ಟಿತ್ತೋ, ಯಾರಿಗೆ ನಾಲಗೆಯಿಂದ ನೋವಾಗಿತ್ತೋ, ಅವರ ಮನೆ ಬಾಗಿಲಿಗೆಲ್ಲ ಹೋಗಿ ಸರಿಮಾಡಿಕೊಂಡು ಬರುವುದು. ಮನಸ್ಸಿನಲ್ಲಿ ಒಂದು ಚೂರು ಬಾಕಿ ಇಟ್ಟುಕೊಂಡು ಆ ಮೇಜಿನ ಹತ್ತಿರ ಹೋಗಬಾರದು ಎಂಬುದು ಅವಳ ಲೆಕ್ಕ. ಕಪ್ಪು ಕೊಡೆ ಹಿಡಿದು ಹೊಸಿಲ ಹತ್ತಿರ ನಿಂತು, "ಬತ್ತೀಯಾ?" ಅನ್ನುತ್ತಿದ್ದಳು. ನಾನು ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆಯೇ ಓಡುತ್ತಿದ್ದೆ.

ಆ ನಡಿಗೆಗಳಲ್ಲಿ ತಮಾಷೆಗೇನೂ ಕಡಿಮೆ ಇರಲಿಲ್ಲ. ಒಂದು ಸಲ ಬಾಷಾ ಸಾಬರ ಹುಂಜ ನಮ್ಮ ಕೊತ್ತಂಬರಿ ಪಾತಿ ಕೆದಕಿತು ಎಂದು ಅಜ್ಜಿ ಗೋಡೆಯ ಈಚೆಯಿಂದಲೇ ಚೆನ್ನಾಗಿ ಬೈದಿದ್ದಳು. ಶನಿವಾರ ಶೆಡ್ಡಿನ ಬಾಗಿಲಲ್ಲಿ ನಿಂತು, "ಸಾಬ್ರೇ, ನಾನು ಅವತ್ತು ಬಾಯಿಗೆ ಬಂದಂಗೆ ಬೈದ್ಬುಟ್ಟೆ, ತಪ್ಪಾಯ್ತು" ಅಂದಳು. ಅವರು ಕಡೆಯುವುದು ನಿಲ್ಲಿಸಿ, ಗಡ್ಡದಲ್ಲಿದ್ದ ಮರದ ಪುಡಿ ಒರೆಸಿಕೊಂಡು, "ಅರೆ ಅಮ್ಮಾ, ನಂಗೆಲ್ಲಿ ಬೈದ್ರಿ? ಹುಂಜನ್ನ ಬೈದಿದ್ದು. ಅಲ್ಲೇ ಬುಟ್ಟೀಲೈತೆ, ಅದ್ರ ತಾವ್ಲೇ ಕೇಳ್ಕಳಿ" ಅಂದರು. ಅಜ್ಜಿ ಬಿದ್ದು ಬಿದ್ದು ನಕ್ಕಳು. ಸೊಪ್ಪು ಮಾರುವ ನಿಂಗಮ್ಮನಂತೂ ದೂರದಿಂದ ಕೊಡೆ ಕಂಡ ತಕ್ಷಣ, "ಬಂದ್ರಾ? ತಿಂಗ್ಳೆಲ್ಲ ನಂತಾವ ಜಗಳ, ಇವತ್ತು ಕೈ ಮುಗ್ಯಾದು. ನಾಳಿದ್ದಿಂದ ತಿರ್ಗಾ ಸುರು ಮಾಡ್ಕಳಾನ, ಬುಡಿ" ಎಂದು ಒಂದು ಕಟ್ಟು ದಂಟು ಮಡಿಲಿಗೆ ತುರುಕುತ್ತಿದ್ದಳು. ಅಷ್ಟು ಹಗುರವಾಗಿ ಒಬ್ಬರು ತಪ್ಪು ಒಪ್ಪಿಕೊಳ್ಳುವುದನ್ನು ಆಮೇಲೆ ನಾನೆಲ್ಲೂ ನೋಡಲಿಲ್ಲ. ಹತ್ತಿರದಲ್ಲೇ ನಿಂತು ನೋಡಿದವಳು ನಾನು. ಕಲಿಯದೆ ಹೋದವಳೂ ನಾನೇ.

ದ್ರಾಕ್ಷಾರಸ ಮಾಡುವುದೂ ಅಜ್ಜಿಯ ಪಾಲಿನ ಕೆಲಸವಾಗಿತ್ತು. ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಪಿಂಗಾಣಿ ಜಾಡಿಗೆ ತುಂಬಿ ಒಳಕೋಣೆಯಲ್ಲಿಡುತ್ತಿದ್ದಳು. ಚರ್ಚಿನ ಬಟ್ಟಲು ತಟ್ಟೆಗಳನ್ನು ಬೆಳಗಲು ಶನಿವಾರ ಹೊಂಗನೂರಿನಿಂದ ಚಿಕ್ಕತಾಯಮ್ಮ ನಮ್ಮ ಮನೆಗೆ ಬರುತ್ತಿದ್ದಳು. ರೇಷ್ಮೆಹುಳು ಸಾಕುವ ಹೆಂಗಸು, ಆಗ ಮೂವತ್ತರ ಒಳಗಿನವಳು. ಗಂಡ ಕುಡಿಯುತ್ತಾನೆಂಬುದು ಎಲ್ಲರಿಗೂ ಗೊತ್ತಿತ್ತು. ವರ್ಷವಿಡೀ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಂಡವಳನ್ನು ಆಗಷ್ಟೇ ಭೋಜನದ ಮೇಜಿಗೆ ಸೇರಿಸಿಕೊಂಡಿದ್ದರು. ಹುಣಸೆಹಣ್ಣು ಹಚ್ಚಿ ಬಟ್ಟಲು ತಿಕ್ಕುತ್ತಾ, "ಇದ್ರಾಗೆ ನಂಗೂ ಒಂದು ಗುಟುಕು ಐತೆ ಕಣವ್ವ ಸುಗುಣಿ, ಎಲ್ರ ಸಮಕ್ಕೆ!" ಅನ್ನುತ್ತಿದ್ದಳು. ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಆಗ ನನಗೆ ಹನ್ನೆರಡು. ಅಂಥ ಒಂದು ಶನಿವಾರ ಅಜ್ಜಿ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿದ್ದಳು. ಒಂದು ಗುಟುಕು ಎಂದು ಜಾಡಿಗೆ ಬಾಯಿಟ್ಟೆ. ಆಮೇಲೆ ಇನ್ನೊಂದು. ಎಷ್ಟು ಕುಡಿದೆನೆಂದು ಜಾಡಿಯೊಳಗೆ ಇಣುಕಿ ನೋಡಿದಾಗಲೇ ಗೊತ್ತಾದದ್ದು. ಅರ್ಧಕ್ಕರ್ಧ ಇಳಿದಿತ್ತು. ಬಿಂದಿಗೆಯಿಂದ ನೀರು ಬಗ್ಗಿಸಿ ತುಂಬಿದೆ. ಮಾರನೆಯ ದಿನ ಪಾದ್ರಿ ಅಯ್ಯನವರು ಬಟ್ಟಲು ಎತ್ತಿದಾಗ ಅದರಲ್ಲಿದ್ದದ್ದು ಅಕ್ಕಿ ತೊಳೆದ ನೀರಿನಷ್ಟು ತೆಳ್ಳಗಿತ್ತು. ಅವರು ಒಂದು ಕ್ಷಣ ತಡೆದು ಪ್ರಾರ್ಥನೆ ಮುಂದುವರಿಸಿದರು. ಆರಾಧನೆ ಮುಗಿದ ಮೇಲೆ ಹೊಂಗೆಮರದ ಕೆಳಗೆ ಹೆಂಗಸರು ಗುಂಪಾದರು. ಸಂಡೇಸ್ಕೂಲಿನ ಗುಲಾಬಿ ಟೀಚರ್ ನನ್ನ ಭುಜ ಹಿಡಿದು, "ನಿನ್ನೆ ನಿಮ್ಮನೇಗೆ ಯಾರ್ಯಾರು ಬಂದಿದ್ರು, ಪುಟ್ಟಿ?" ಎಂದು ಕೇಳಿದರು. "ಚಿಕ್ಕತಾಯಮ್ಮ ಬಂದಿದ್ರು" ಅಂದೆ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದನ್ನೇ ಹಿಡಿದುಕೊಂಡು ಎಷ್ಟೋ ವರ್ಷ ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೇನೆ. "ಅಷ್ಟೇ ಮತ್ತೆ. ಗಂಡನ ಚಾಳಿ ಹೆಂಡ್ತೀಗೂ ಅಂಟ್ಕಂಡೈತೆ" ಎಂದರು ಯಾರೋ. ಚಿಕ್ಕತಾಯಮ್ಮ ಮೂರು ಮಾರು ದೂರದಲ್ಲಿ ನಿಂತಿದ್ದಳು. ಸೆರಗು ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದಳು.

ಮರುದಿನ ಸ್ಕೂಲಿನಿಂದ ಬಂದಾಗ ನನ್ನ ಹಳದಿ ಲಂಗ ಒಗೆದು, ಮಡಿಸಿ, ನನ್ನ ಪುಸ್ತಕದ ಮೇಲೆ ಇಟ್ಟಿತ್ತು. ಅಂಚಿನಲ್ಲಿ ನಾಲ್ಕು ಬೆರಳಗಲ ದ್ರಾಕ್ಷಿಯ ಕಲೆ. ಒಗೆದರೂ ಹೋಗದೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಲೆ ಮೇಲೆ ಕಾಣುವ ಹಾಗೆಯೇ ಮಡಿಸಿದ್ದಳು. ಅಜ್ಜಿ ರಾಗಿ ಮುದ್ದೆ ಬಡಿಸಿದಳು, ಪಕ್ಕದಲ್ಲಿ ಕೂತಳು, ಕಾದಳು. ನಾನು ಮುದ್ದೆ ನುಂಗಿ ಎದ್ದುಬಿಟ್ಟೆ.

ಮುಂದಿನ ಭಾನುವಾರ ಅವಳು ಚರ್ಚಿನಲ್ಲಿ ಎದ್ದು ನಿಂತು, "ತಪ್ಪು ನಮ್ಮನೇದು. ಚಿಕ್ಕತಾಯಮ್ಮ ಜಾಡಿ ಮುಟ್ಟಿಲ್ಲ" ಎಂದಳು. ಕರುಣಮ್ಮನ ಮನಸ್ಸು ದೊಡ್ಡದು, ಬಡವಳ ತಪ್ಪು ಮುಚ್ಚುತ್ತಿದ್ದಾಳೆ ಎಂದುಕೊಂಡರು ಜನ. ಚಿಕ್ಕತಾಯಮ್ಮ ಮತ್ತೆ ಬರಲಿಲ್ಲ. ತಿಂಗಳ ಮೊದಲ ಶನಿವಾರ ಬಂತು. ಅಜ್ಜಿ ಕೊಡೆ ಹಿಡಿದು ಹೊಸಿಲಲ್ಲಿ ನಿಂತಳು. "ಹೊಂಗನೂರಿಗೆ ಓಗ್ತಾ ಇವ್ನಿ. ಬತ್ತೀಯಾ?" "ಓದೋದೈತೆ ಅಜ್ಜಿ" ಅಂದೆ. "ಆಯ್ತು ಮಗ, ಓದ್ಕೋ" ಎಂದು ಒಬ್ಬಳೇ ಹೊರಟಳು. ಮಾರನೆಯ ದಿನ ಎಲ್ಲರೂ ಭೋಜನಕ್ಕೆ ಎದ್ದು ಮುಂದೆ ಹೋಗಿ ಮೊಣಕಾಲೂರಿದಾಗ ಅಜ್ಜಿ ಬೆಂಚಿನಲ್ಲೇ ಉಳಿದಳು. ಕೈ ಎರಡೂ ಮಡಿಲಲ್ಲಿ. ಅಯ್ಯನವರು ಆಮೇಲೆ ಮೆಲ್ಲಗೆ ಕಾರಣ ಕೇಳಿದ್ದಕ್ಕೆ, "ಒಂದು ಕೆಲ್ಸ ಬಾಕಿ ಐತೆ ಅಯ್ಯನೋರೇ, ಮುಗೀಲಿ" ಅಂದಳು.

ಆ ಕೆಲಸ ಮುಗಿಯಲೇ ಇಲ್ಲ. ಪ್ರತಿ ತಿಂಗಳೂ ದ್ರಾಕ್ಷಿ ನೆನೆಹಾಕಿದಳು, ಕುದಿಸಿದಳು, ಸೋಸಿದಳು, ಇಡೀ ಸಭೆಗೆ ಸಾಕಾಗುವಷ್ಟು ಮಾಡಿ ಕೊಟ್ಟಳು. ತಾನು ಮಾತ್ರ ತುಟಿಗೆ ತಾಗಿಸಲಿಲ್ಲ. ಪ್ರತಿ ಮೊದಲ ಶನಿವಾರ ಹೊಸಿಲಲ್ಲಿ ನಿಂತು, ಬೇಸರವಿಲ್ಲದೆ, ಒತ್ತಾಯವಿಲ್ಲದೆ, ಹೂವಿಗೆ ಹೋಗಿ ಬರೋಣ ಅನ್ನುವ ಹಾಗೆ "ಬತ್ತೀಯಾ?" ಎಂದು ಕೇಳುತ್ತಲೇ ಇದ್ದಳು. ಪ್ರತಿ ಸಲವೂ ನನ್ನ ಹತ್ತಿರ ಪರೀಕ್ಷೆಯೋ, ತಲೆನೋವೋ, ಯಾವುದೋ ಒಂದು ನೆಪ ಇರುತ್ತಿತ್ತು. ಮೂರನೇ ವರ್ಷ ನನ್ನನ್ನೂ ಭೋಜನಕ್ಕೆ ಸೇರಿಸಿಕೊಂಡರು. ಬಿಳಿ ಬಟ್ಟೆ ತೊಟ್ಟು ಮುಂದೆ ಹೋದೆ, ಮೊಣಕಾಲೂರಿದೆ, ಕೈ ಚಾಚಿದೆ. ಹಿಂದಿನ ಬೆಂಚಿನಲ್ಲಿ ಅಜ್ಜಿ ಕೂತಿದ್ದಾಳೆಂದು ಗೊತ್ತಿತ್ತು. ಆದರೂ ತಿಂದೆ, ಕುಡಿದೆ. ಅಜ್ಜಿಯೇ ಮಾಡಿದ ರಸ ಅದು. ನನ್ನ ಬದುಕಿನಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿಗಳು ಇನ್ನೂ ಇವೆ. ಆದರೆ ಅವತ್ತು ತಿರುಗಿ ಬರುವಾಗ ಅವಳು ನನ್ನ ಜಾಗ ಬೇರೆಯವರು ಹಿಡಿಯದಿರಲೆಂದು ಬೆಂಚಿನ ಮೇಲೆ ಅಂಗೈ ಇಟ್ಟುಕೊಂಡಿದ್ದಳಲ್ಲ, ಅದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ನಾನು ಮೈಸೂರಿನಲ್ಲಿ ಟೀಚರ್ ಟ್ರೈನಿಂಗಿನಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಮನೆ ಮಾರಿಹೋಯಿತು. ಬಾಷಾ ಸಾಬರ ಶೆಡ್ಡು ಇದ್ದ ಕಡೆ ಈಗ ಮೊಬೈಲ್ ಅಂಗಡಿ ಇದೆ. ಗುಲಾಬಿ ಟೀಚರ್ ಇಲ್ಲ, ಆ ಅಯ್ಯನವರಿಲ್ಲ, ಹೊಂಗೆಮರವೂ ಇಲ್ಲ. ಯಾರ ಮುಂದೆ ಒಪ್ಪಿಕೊಳ್ಳಬೇಕಿತ್ತೋ ಅವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗಲಿ ಎಂದೇ ನಾನು ಕಾಯುತ್ತಿದ್ದೆನೇನೋ.

ಈಚೆಗೆ ಆ ಹಬೆ ಮುಖಕ್ಕೆ ಬಡಿದ ಶನಿವಾರ, ಒಲೆ ಆರಿಸಿ, ಹೊಂಗನೂರಿನ ಬಸ್ ಹತ್ತಿದೆ. ಚಿಕ್ಕತಾಯಮ್ಮ ಇದ್ದಾಳೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ಇದ್ದಳು. ನಡುಮನೆಯಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು, ತುಂತುರು ಹನಿ ಹಾಕಿದ ಹಾಗೆ. ಸೊಸೆ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಗೋಡೆಗೆ ಒರಗಿ ಕೂತಿದ್ದ ಮುದುಕಿ ಕಣ್ಣು ಕಿರಿದುಮಾಡಿ, "ಯಾರವ್ವ?" ಅಂದಳು. "ಕರುಣಮ್ಮನ ಮೊಮ್ಮಗಳು." ಅವಳು ಚಾಪೆಯ ಅರ್ಧ ಬಿಟ್ಟು ಸರಿದು, "ನೀ ಒಸಿ ತಡ ಮಾಡ್ದೆ ಕಣವ್ವ. ಕುಂತ್ಕೋ" ಅಂದಳು.

ಜಾಡಿ, ಬಿಂದಿಗೆ ನೀರು, ಹೊಂಗೆಮರದ ಕೆಳಗೆ ನಾನಾಡಿದ ಮಾತು, ಎಲ್ಲವನ್ನೂ ಹೇಳಿದೆ. ಹೇಳಲು ಐದು ನಿಮಿಷವೂ ಬೇಕಾಗಲಿಲ್ಲ. "ನಾನೇ ಅಂತ ಅಜ್ಜಿ ಹೇಳಿದ್ಳಾ?" ಎಂದು ಕೇಳಿದೆ. "ಇಲ್ಲ ಕಣವ್ವ. ಒಂದಿನಾನೂ ಹೆಸರೆತ್ಲಿಲ್ಲ. 'ಯೋಳೋರು ಬತ್ತಾರೆ ಚಿಕ್ಕಿ, ಅವರಾಗೇ ಬತ್ತಾರೆ. ನೀನು ಚರ್ಚಿಗೆ ಬಂದು ಕೂರೋಗಂಟ ನಾನೂ ತಿನ್ನಕಿಲ್ಲ' ಅಂತಿದ್ಳು. ಕೊಡೆ ಮೂಲೇಲಿಟ್ಟು, ಇಲ್ಲೇ, ನೀ ಕುಂತಿರೋ ಜಾಗ್ದಲ್ಲೇ ಕುಂತು, ಬಸ್ ಬರೋಗಂಟ ಬಾಗ್ಲನ್ನೇ ನೋಡವ್ಳು. ನಂಗೆ ಆವಾಗ್ಲೇ ಗೊತ್ತಾಯ್ತು ಬುಡು, ಯಾರ್ನ ಕಾಯ್ತಾವಳೆ ಅಂತ."

"ನನ್ನ ಮೇಲೆ ಕೋಪ ಇದ್ಯಾ?" ಅಂದೆ. ಎಂಥ ಮಾತು ಕೇಳುತ್ತಿದ್ದೇನೆ ಎಂದು ನನಗೇ ಅಸಹ್ಯವಾಯಿತು. ಅವಳು ನನ್ನ ಕೈಯನ್ನು ತನ್ನ ಒರಟು ಕೈಗೆ ತೆಗೆದುಕೊಂಡಳು. "ನಂಗ್ಯಾತರ ಕ್ವಾಪವ್ವ. ಇಲ್ಲೇ ಒಲೆ ಮುಂದೆ ಕುಂತು ಕೈ ಮುಗ್ದೆ, ನಂದು ಎಂಗೋ ನಡೀತು." ಆಮೇಲೆ ಹುಳುಗಳ ಕಡೆ ತಿರುಗಿ, ನನಗಲ್ಲ ಅನ್ನುವ ಹಾಗೆ ಅಂದಳು: "ನಿಮ್ಮಜ್ಜಿ ಮಾತ್ರ ಹಸ್ಕೊಂಡೇ ಹೋದ್ಳು."

ಮಾರನೆಯ ದಿನ ರಾಮನಗರದ ಚರ್ಚಿನಲ್ಲಿ ಎದ್ದು ನಿಂತು ಹೇಳಿದೆ. ನಮ್ಮ ಈಗಿನ ಅಯ್ಯನವರು ಚಿಕ್ಕ ವಯಸ್ಸಿನವರು, ಒಳ್ಳೆಯವರು. "ಮಕ್ಕಳಾಟ ಬಿಡಿ ಟೀಚರ್, ದೇವರು ಯಾವತ್ತೋ ಕ್ಷಮಿಸಿದ್ದಾನೆ" ಎಂದು ನಕ್ಕರು. ಒಂದಿಬ್ಬರು ಹೆಂಗಸರೂ ನಕ್ಕರು, ಪ್ರೀತಿಯಿಂದಲೇ. ಅಷ್ಟು ಅಗ್ಗದಲ್ಲಿ ಸಿಕ್ಕಿದ ಕ್ಷಮೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತುಬಿಟ್ಟೆ. ಎಲ್ಲರೂ ಎದ್ದು ಮುಂದೆ ಹೋದರು. ನಾನು ಹೋಗಲಿಲ್ಲ.

ಈಗ ತಿಂಗಳ ಮೊದಲ ಶನಿವಾರ ರಸ ಸೋಸಿಟ್ಟು ಹೊಂಗನೂರಿಗೆ ಹೊರಡುತ್ತೇನೆ. ಚಿಕ್ಕತಾಯಮ್ಮನಿಗೆ ಮಂಡಿ ನೋವು, ಚರ್ಚಿನವರೆಗೆ ಬರಲಾರಳು. ಚಾಪೆಯ ಅರ್ಧದಲ್ಲಿ ಕೂತು ಅವಳ ಮಾತು ಕೇಳುತ್ತೇನೆ. ಅದರಿಂದ ಅಜ್ಜಿಯ ಹಸಿವು ತೀರುವುದಿಲ್ಲ, ಗೊತ್ತು. ಮನೆ ಬಿಡುವಾಗ ಕೊಡೆ ಹಿಡಿದು ಹೊಸಿಲ ಹತ್ತಿರ ಒಂದು ಗಳಿಗೆ ನಿಲ್ಲುತ್ತೇನೆ. ಅಲ್ಲಿ ಕೇಳುವವರು ಯಾರೂ ಇಲ್ಲ. "ಬತ್ತೀನಿ ಅಜ್ಜಿ" ಎಂದು ಹೇಳಿ, ಬೀಗ ಹಾಕಿಕೊಳ್ಳುತ್ತೇನೆ.