ನಗಬಾರದ ಫೋಟೋ

ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟುಡಿಯೋ ನಡೆಸುತ್ತಿದ್ದ ಅವಳು ಬೀದಿಗೆಲ್ಲ ‘ಫೋಟೋ ಅಕ್ಕ’. ಎಂಥ ಬಿಗುಮಾನದ ಗಿರಾಕಿಯನ್ನೂ ಮಾತಿಗೆಳೆದು, ಅವರು ಮೈಮರೆತ ಗಳಿಗೆಯಲ್ಲಿ ಕ್ಲಿಕ್ಕಿಸುವುದು ಅವಳಿಗೆ ಕರಗತ. ಪಾಸ್‌ಪೋರ್ಟ್ ಫೋಟೋದಲ್ಲಿ ಮಾತ್ರ ಆ ಆಟ ನಡೆಯದು. ಹಲ್ಲು ಕಂಡರೆ ಕಚೇರಿಯವರು ವಾಪಸ್ ಕಳಿಸುತ್ತಾರೆ.

ಒಂದು ಮಧ್ಯಾಹ್ನ ಮೂಲೆಯಂಗಡಿಯ ಟೈಲರಣ್ಣ ಬಂದ. ಅವನ ಹೆಂಡತಿ ತೀರಿಕೊಂಡು ಐದು ದಿನವಾಗಿತ್ತು.

“ಇದನ್ನ ದೊಡ್ಡದು ಮಾಡಿಕೊಡಿ ಅಕ್ಕ. ಅವಳೊಬ್ಬಳೇ ಇರೋದು ಇದೊಂದೇ.”

ಅದು ಅಕ್ಕನೇ ತೆಗೆದ ಪಾಸ್‌ಪೋರ್ಟ್ ಫೋಟೋ. ಮೂರು ತಿಂಗಳ ಹಿಂದೆ ಆ ಹೆಂಗಸು ಸ್ಟೂಲಿನ ಮೇಲೆ ಕೂತು ನಗು ತಡೆಯಲಾರದೆ ಒದ್ದಾಡಿದ್ದಳು. “ಬಾಯಿ ಮುಚ್ಚಿ, ನಗಬೇಡಿ” ಎಂದು ಅಕ್ಕ ಎರಡು ಸಲ ಗದರಿದ್ದಳು. ಕೆಲಸ ಮುಗಿದ ಮೇಲೆ ಆಕೆ, “ಈಗ ನಗಬಹುದಾ?” ಎಂದು ಕೇಳಿದ್ದಳು. ಅಕ್ಕ ಉತ್ತರಿಸದೆ ಕಂಪ್ಯೂಟರಿನತ್ತ ತಿರುಗಿದ್ದಳು.

ದೊಡ್ಡದಾಗಿ ಅಚ್ಚಾದಾಗ ಆ ಬಿಗಿದ ತುಟಿ ಇನ್ನಷ್ಟು ಬಿಗಿದಂತೆ ಕಂಡಿತು.

ಅಂದಿನಿಂದ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದರೆ ಸಾಕು, ಕಿವಿಯ ಹತ್ತಿರವೇ ಆಕೆಯ ಆ ಪ್ರಶ್ನೆ. ಎದುರು ಕೂತ ಮುಖಗಳೆಲ್ಲ ಆಗಲೇ ಹಾರ ಹಾಕಿಸಿಕೊಂಡು ಗೋಡೆಗೆ ಏರಿದಂತೆ ಕಾಣುತ್ತಿದ್ದವು. ಗಿರಾಕಿಗಳೊಂದಿಗೆ ಮಾತೇ ಹೊರಡದು. ಒಬ್ಬ ತಾಯಿ ಫೋಟೋ ನೋಡಿ, “ಯಾಕೋ ನಮ್ಮ ಪಾಪು ಥರಾನೇ ಇಲ್ಲ” ಎಂದು ಮುಖ ಚಿಕ್ಕದು ಮಾಡಿಕೊಂಡು ಹೋದಳು. ಖಾಲಿ ಸ್ಟೂಲಿಗೆ ಬೆನ್ನು ಹಾಕಿ ಕೂರಲು ಅಕ್ಕನಿಗೆ ಭಯವಾಗತೊಡಗಿತು. ಎಲ್ಲಾದರೂ ಆಕೆ ನಗುವ ಫೋಟೋ ಒಂದು ಸಿಕ್ಕೀತೆಂದು ಹಳೆಯ ಫೈಲುಗಳನ್ನು ಒಂದು ವಾರ ಜಾಲಾಡಿದಳು. ಸಿಗಲಿಲ್ಲ.

ನಾಲ್ಕು ತಿಂಗಳು ಹೀಗೇ ಕಳೆದ ಮೇಲೆ, ತಡೆಯಲಾರದೆ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಟೈಲರಣ್ಣನ ಅಂಗಡಿಗೆ ಹೋದಳು.

“ಅವತ್ತು ನಿಮ್ಮನೆಯವರನ್ನ ಗದರಿಬಿಟ್ಟೆ. ‘ಈಗ ನಗಬಹುದಾ’ ಅಂತ ಕೇಳಿದ್ರು. ನಾನು ತಿರುಗಿಯೂ ನೋಡಲಿಲ್ಲ.”

ಟೈಲರಣ್ಣ ಮೆಷಿನ್ ನಿಲ್ಲಿಸಿದ.

“ಗೊತ್ತು. ಮನೆಗೆ ಬಂದು ಆಡಿ ತೋರಿಸಿದ್ಲು. ಆಮೇಲೆ ಒಂದು ವಾರ, ನಾನು ಏನಾದ್ರೂ ಹೇಳೋಕೆ ಹೋದ್ರೆ ಸಾಕು, ನಿಮ್ಮ ಥರಾನೇ ಹುಬ್ಬು ಗಂಟು ಹಾಕಿ, ‘ಬಾಯಿ ಮುಚ್ಚಿ, ನಗಬೇಡಿ’ ಅನ್ನೋಳು.”

ಹೇಳುತ್ತ ತಾನೂ ಹುಬ್ಬು ಗಂಟಿಕ್ಕಿದ. ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು.

“ಒಂದು ತೆಗೀಲಾ?” ಅಕ್ಕ ಮೆಲ್ಲಗೆ ಕೇಳಿದಳು.

“ನಂದಾ? ತೆಗೀರಿ.”

ಕಣ್ಣು ಹಚ್ಚುತ್ತಲೇ ಆ ದನಿ ಬಂತು. ಆದರೂ ಅಕ್ಕ ಕ್ಲಿಕ್ಕಿಸಿದಳು, ಮತ್ತೆ ಮತ್ತೆ ಕ್ಲಿಕ್ಕಿಸಿದಳು. ತಾನು ತೆಗೆದ ಫೋಟೋವನ್ನು ಎರಡನೆಯ ಸಲ ನೋಡಬೇಕೆನಿಸಿದ್ದು ಎಷ್ಟೋ ದಿನಗಳ ಮೇಲೆ.

ಆ ದನಿ ಪೂರ್ತಿ ಹೋಗಿಲ್ಲ. ಕೆಲವು ಸಂಜೆ ಅಕ್ಕ ಆ ಸ್ಟೂಲಿನತ್ತ ನೋಡದೆ ದೀಪ ಆರಿಸಿ ಬೀಗ ಹಾಕುತ್ತಾಳೆ. ಆದರೆ ಕೆಲಸ ಮತ್ತೆ ಕೈಗೆ ಹತ್ತಿದೆ. ಮೊನ್ನೆ ಬ್ಯಾಂಕಿನ ಗುಮಾಸ್ತರೊಬ್ಬರು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಆತುರದಲ್ಲಿ ಏಳಹೊರಟರು.

“ಆಯ್ತಲ್ಲ?”

“ಕಚೇರಿದು ಆಯ್ತು, ಮನೇದು ಒಂದಿದೆ. ಕೂತ್ಕೊಳ್ಳಿ, ಈಗ ನಗಬಹುದು.”