ಪೆಟ್ಟಿಗೆ ದೇವರ ಮುಂದೆ ಮೆಟಲ್ ಡಿಟೆಕ್ಟರ್

1998ರಲ್ಲಿ ನಾನು ಪುರಾತತ್ವ ವಿಭಾಗದಲ್ಲಿ ಸಹಾಯಕ ಅಧಿಕಾರಿ. ವಿದೇಶದ ಟಿ.ವಿ. ತಂಡವೊಂದರ ಜೊತೆ ಮೊಳಕಾಲ್ಮುರು ತಾಲ್ಲೂಕು ಸುತ್ತಿ, ಅವರಿಂದ ಯಾವುದಕ್ಕೂ ಧಕ್ಕೆಯಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅದರಲ್ಲೊಂದು ದಿನದ್ದೆಂದು ನನಗೆ ನೆನಪಿರುವುದೆಲ್ಲ ನಿಜವೇ, ಹೇಳಲಾರೆ. ಹೆದರಿದ್ದು ಮಾತ್ರ ನಿಜ.

ಬೆಳಿಗ್ಗೆ ಬ್ರಹ್ಮಗಿರಿಯ ಬುಡದಲ್ಲಿ ಶಿಲಾ ಸಮಾಧಿಗಳ ಚಿತ್ರೀಕರಣ. ಸುತ್ತ ಕಲ್ಲುಚಪ್ಪಡಿ ನಿಲ್ಲಿಸಿ, ಮೇಲೊಂದು ಮುಚ್ಚಿ, ಒಂದರಲ್ಲಿ ದುಂಡನೆಯ ಕಿಂಡಿ ಕೊರೆದ ಕೋಣೆಗಳವು. ಎರಡು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿಯ ಜನ ಸತ್ತ ತಮ್ಮವರಿಗಾಗಿ ಕಟ್ಟಿದ್ದು ಎಂದು ವಿವರಿಸಿದೆ. ತಂಡದ ನಿರೂಪಕ ತಲೆಯಾಡಿಸಿದ. ಆಮೇಲೆ ಕ್ಯಾಮೆರಾದತ್ತ ತಿರುಗಿ, ಈ ಜನರಿಗೆ ಇಂಥ ಕಲ್ಲೆತ್ತುವ ವಿದ್ಯೆ ಎಲ್ಲಿತ್ತು, ಆಕಾಶದಿಂದ ಬಂದವರೇ ಕಟ್ಟಿರಬೇಕು ಎಂದ.

ನಮ್ಮ ಜೀಪಿನ ಡ್ರೈವರ್, ಚಳ್ಳಕೆರೆಯ ಮಾಬು, ನನ್ನಿಂದ ಅರ್ಥ ಕೇಳಿಕೊಂಡು ನಕ್ಕ. "ಅಂದ್ರೆ ಮೇಸ್ತ್ರಿ ಮ್ಯಾಲಿಂದ ಬಂದ. ನಾವು ಕೂಲಿಗೂ ಇರ್ಲಿಲ್ವೇನ್ರೀ ಸಾರ್?"

ಮಧ್ಯಾಹ್ನ ದನ ಸಾಕುವವರ ಹಟ್ಟಿಯೊಂದಕ್ಕೆ ಹೋದೆವು. ಅವರ ದೇವರು ಮರದ ಪೆಟ್ಟಿಗೆಯಲ್ಲಿರುತ್ತದೆ. ವರ್ಷದ ಗೊತ್ತಾದ ದಿನವಲ್ಲದೆ ಅದನ್ನು ತೆರೆಯುವುದಿಲ್ಲ. ಪೂಜಾರಿ ಓಬಯ್ಯಜ್ಜ ನನ್ನ ಮಾತಿನ ಮೇಲೆ, ಚಪ್ಪಲಿ ಬಿಟ್ಟು ಪೆಟ್ಟಿಗೆಯಿದ್ದ ಗುಡಿಸಲ ಬಾಗಿಲಲ್ಲಿ ನಿಂತು ನೋಡಲು ಒಪ್ಪಿದ.

ನಿರೂಪಕ ಬಾಗಿಲಲ್ಲಿ ನಿಲ್ಲಲಿಲ್ಲ. ಮೆಟಲ್ ಡಿಟೆಕ್ಟರ್ ಹಿಡಿದು ಒಳಗೆ ನುಗ್ಗಿದ. ಪೆಟ್ಟಿಗೆಯ ಕಬ್ಬಿಣದ ಪಟ್ಟಿಗೆ ಅದು ಕಿರುಚಿಕೊಂಡಿತು. ಒಳಗಿರುವುದು ಬೇರೆ ಲೋಕದ ಯಂತ್ರ ಎನ್ನುತ್ತ ಅವನು ಮುಚ್ಚಳಕ್ಕೆ ಕೈ ಚಾಚಿದ.

"ಮುಟ್ಟಬ್ಯಾಡ ಅನ್ರಿ ಅವನಿಗೆ! ದಿನ ಅಲ್ಲದ ದಿನ ತೆಗೆದ್ರೆ ನಮ್ಮ ದನ ಉಳಿಯಂಗಿಲ್ಲ!" ಓಬಯ್ಯಜ್ಜನ ದನಿ ಒಡೆಯಿತು. ದೊಡ್ಡಿಯಿಂದ ಗಂಡಸರು ಕೋಲು ಹಿಡಿದು ಓಡಿಬಂದರು. ಜೀಪು ಬೇಲಿಯ ಆಚೆ, ಅವರು ನಡುವೆ. ಇವತ್ತು ಇಲ್ಲಿಂದ ಹೆಣವಾಗಿ ಹೋಗುತ್ತೇವೆ ಎಂದುಕೊಂಡೆ. ನಿರೂಪಕನ ತೋಳು ಹಿಡಿದೆಳೆದು ಇಂಗ್ಲಿಷಿನಲ್ಲಿ ಕೇಳಿದೆ: "ನಿಮ್ಮೂರಿನ ಚರ್ಚಿನಲ್ಲಿ ಯಾರೋ ಬಂದು ಹೀಗೆ ಮಾಡಿದರೆ ಬಿಡುತ್ತೀರಾ?"

"ಖಂಡಿತ ಇಲ್ಲ. ಆದರೆ ಅದು ಬೇರೆ, ಅದು ಚರ್ಚು" ಎಂದ. ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತೋ ಏನೋ, ಚಾಚಿದ ಕೈ ಅಲ್ಲೇ ನಿಂತಿತು. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ.

"ಏನಂದ ಅವ್ನು?" ಓಬಯ್ಯಜ್ಜ ಕೇಳಿದ.

ಪೂರ್ತಿ ಅನುವಾದಿಸಿದ್ದರೆ ಏನಾಗುತ್ತಿತ್ತೋ. ಅರ್ಧ ಹೇಳಿದೆ: "ಅವರ ದೇವರ ಮನೇಲೂ ಹೀಗೆ ಮುಟ್ಟೋಕೆ ಬಿಡಲ್ವಂತೆ, ಅಜ್ಜ."

ಅಜ್ಜ ಅವನ ಮುಖವನ್ನೇ ನೋಡಿದ. "ಹಂಗಾರೆ ಅವನಿಗೂ ದೇವ್ರ ಭಯ ಐತೆ. ದಾರಿ ಬಿಡ್ರಲೇ, ಹೋಗ್ಲಿ."

ಗಂಡಸರು ಸರಿದರು. ಹೊರಗೆ ಬರುವಾಗ ಹತ್ತಿರದಿಂದ ನೋಡಿದೆ, ಕೋಲು ಹಿಡಿದವರ ಕಣ್ಣು ನಮ್ಮ ಮೇಲಿರಲಿಲ್ಲ, ಪೆಟ್ಟಿಗೆಯ ಮೇಲಿತ್ತು. ದನ ಕಾಯುವವರ ಕೈಯಲ್ಲಿ ಕೋಲು ಯಾವಾಗಲೂ ಇರುತ್ತದೆಂಬುದು ಜೀಪು ಹತ್ತಿದ ಮೇಲಷ್ಟೇ ಹೊಳೆಯಿತು.

ಆಮೇಲೆ ಎಷ್ಟೋ ತಂಡಗಳ ಜೊತೆ ಹೋದೆ. ಊರವರ ಕೈಯಲ್ಲಿ ಏನಿದೆ ಎಂದು ನೋಡುವುದನ್ನು ಬಿಟ್ಟೆ. ನಾನು ಕರೆತಂದವರ ಕೈ ಎಲ್ಲಿಗೆ ಚಾಚುತ್ತಿದೆ ಎಂಬುದನ್ನೇ ನೋಡುತ್ತಿದ್ದೆ.